ಔಷಧಿಗೆ ಬಗ್ಗದ ಹುಳ ಮಂದೆಗೆ ಬಂದದ್ದು ಎಲ್ಲಿಂದ?

ಶಿರಾ, ಪಾವಗಡ, ಮಧುಗಿರಿ ಕಡೆ ಕುರಿ ಸಾಕುವವರ ಹತ್ತಿರ ಮಾತಿಗೆ ಕೂತರೆ ಒಂದು ದೂರು ಬಂದೇ ಬರುತ್ತದೆ: ಹುಳದ ಔಷಧಿ ಮೊದಲಿನ ಹಾಗೆ ಕೆಲಸ ಮಾಡ್ತಿಲ್ಲ. ಮಂದೆಗೆಲ್ಲ ಕುಡಿಸಿ ಹದಿನೈದು ದಿನ ಆದರೂ ಕುರಿ ಚೇತರಿಸಿಕೊಳ್ಳಲ್ಲ. ಕಣ್ಣು ಬಿಳಿಚಿಕೊಂಡೇ ಇರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಬಾವು ಜೋತಾಡುತ್ತಲೇ ಇರುತ್ತದೆ. ಆಗ ಮೊದಲು ಬೈಸಿಕೊಳ್ಳುವವನು ಔಷಧಿ ಅಂಗಡಿಯವನು, ಡೂಪ್ಲಿಕೇಟ್ ಮಾಲು ಕೊಟ್ಟ ಅಂತ. ಕಳಪೆ ಔಷಧಿ ಬರುವುದೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಬಾಟಲಿಯಲ್ಲಿ ಇರಬೇಕಾದ್ದು ಇದ್ದು, ಅಳತೆಯೂ ಸರಿಯಾಗಿದ್ದು, ಆಗಲೂ ಹುಳ ಸಾಯದೇ ಇರಬಹುದು. ಅದು ಹೇಗೆ ಅಂತ ತಿಳಿಯಬೇಕಾದರೆ ಹುಳದ ವಂಶವನ್ನೇ ಕೆದಕಬೇಕು.

ಕುರಿ, ಮೇಕೆಗಳ ಹೊಟ್ಟೆಯಲ್ಲಿ ಹಲವು ಜಾತಿಯ ಹುಳಗಳಿರುತ್ತವೆ. ಬಿಸಿಲು ನಾಡಿನಲ್ಲಿ ಅವುಗಳಲ್ಲಿ ಅತಿ ಕೆಟ್ಟದ್ದು ಹೀಮಾಂಕಸ್ ಕಂಟಾರ್ಟಸ್. ಇದು ಇರುವುದು ನಾಲ್ಕನೇ ಹೊಟ್ಟೆಯಲ್ಲಿ. ಸತ್ತ ಕುರಿಯನ್ನು ಕೊಯ್ದು ಆ ಭಾಗ ಬಿಡಿಸಿದರೆ ಬರಿಗಣ್ಣಿಗೇ ಕಾಣುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದ, ದಾರದಷ್ಟು ಸಣ್ಣ. ಹೆಣ್ಣು ಹುಳವನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ರಕ್ತ ತುಂಬಿದ ಕೆಂಪು ಕರುಳು, ಅದರ ಸುತ್ತ ಬಿಳಿ ಅಂಡಾಶಯ ಸುರುಳಿ ಸುತ್ತಿಕೊಂಡಿರುತ್ತದೆ. ಕೆಂಪು ಬಿಳಿ ಪಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಗಂಡು ಇನ್ನೂ ಚಿಕ್ಕದು, ಪಟ್ಟೆ ಇಲ್ಲ, ಬರೀ ಕೆಂಪು.

ಒಂದು ಹುಳದಿಂದ ದಿನಕ್ಕೆ ಹೋಗುವ ರಕ್ತ ಸುಮಾರು 0.05 ಮಿಲಿಲೀಟರ್, ಅಂದರೆ ಒಂದು ಹನಿ. ಅಷ್ಟೇನಾ ಅನ್ನಬೇಡಿ. 5,000 ಹುಳ ಇದ್ದರೆ ದಿನಕ್ಕೆ ಕಾಲು ಲೀಟರ್ ಆಯಿತು. 30 ಕೆ.ಜಿ. ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರ್ ಆಸುಪಾಸು. ಮಳೆಗಾಲದಲ್ಲಿ ಚೆನ್ನಾಗಿ ಮೇಯ್ದುಕೊಂಡಿದ್ದ ಮರಿ ಇದ್ದಕ್ಕಿದ್ದಂತೆ ಬಿದ್ದು ಸಾಯುವುದು ಇದೇ ಲೆಕ್ಕದಲ್ಲಿ.

ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ತೇವ, ಬೆಚ್ಚಗಿನ ಹವೆ ಇದ್ದರೆ ಒಂದೆರಡು ದಿನದಲ್ಲಿ ಒಡೆದು ಮರಿಹುಳ ಬರುತ್ತದೆ. ಅದು ಎರಡು ಸಲ ಪೊರೆ ಬಿಟ್ಟು, ವಾರದ ಹೊತ್ತಿಗೆ ಹುಲ್ಲಿನ ಎಸಳು ಹತ್ತಿ ಕೂರುತ್ತದೆ. ಕುರಿ ಆ ಹುಲ್ಲು ಮೇಯುತ್ತದೆ. ಹೊಟ್ಟೆ ಸೇರಿದ ಸುಮಾರು ಮೂರು ವಾರಕ್ಕೆ ಹೊಸ ಹುಳ ಮೊಟ್ಟೆ ಇಡಲು ಶುರು. ನಡುವೆ ಸೊಳ್ಳೆ ಬೇಡ, ಬಸವನ ಹುಳು ಬೇಡ. ಕುರಿ, ಹಿಕ್ಕೆ, ಹುಲ್ಲು, ಮತ್ತೆ ಕುರಿ. ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ಕುರಿಯ ಹೊಟ್ಟೆಯಿಂದ ಎರಡು ಹುಳ ತೆಗೆದರೆ ನಮ್ಮ ಕಣ್ಣಿಗೆ ಎರಡೂ ಒಂದೇ. ಆದರೆ ಅವುಗಳ ಡಿಎನ್‌ಎ ಓದಿದರೆ ಹಾಗಲ್ಲ. ಹೀಮಾಂಕಸ್‌ನ ಡಿಎನ್‌ಎಯಲ್ಲಿ ಸುಮಾರು 28 ಕೋಟಿ ಅಕ್ಷರಗಳಿವೆ. ನಮ್ಮದರಲ್ಲಿ ಸುಮಾರು 300 ಕೋಟಿ. ಇಬ್ಬರು ಮನುಷ್ಯರನ್ನು ಹೋಲಿಸಿದರೆ ಸರಿಸುಮಾರು ಸಾವಿರ ಅಕ್ಷರಕ್ಕೆ ಒಂದರಲ್ಲಿ ವ್ಯತ್ಯಾಸ ಇರುತ್ತದೆ. ಈ ಹುಳಗಳಲ್ಲಿ ವ್ಯತ್ಯಾಸ ಅದರ ಹಲವು ಪಟ್ಟು. ಅಂದರೆ ತುಮಕೂರಿನ ಒಬ್ಬರಿಗೂ ಟೋಕಿಯೋದ ಒಬ್ಬರಿಗೂ ಇರುವ ಅಂತರಕ್ಕಿಂತ ಜಾಸ್ತಿ ಅಂತರ, ಒಂದೇ ಕುರಿಯ ಹೊಟ್ಟೆಯಲ್ಲಿ ಅಕ್ಕಪಕ್ಕ ಇರುವ ಎರಡು ಹುಳಗಳ ನಡುವೆ ಇದೆ.

ಇಷ್ಟೊಂದು ವೈವಿಧ್ಯ ಯಾಕೆ? ಮುಖ್ಯ ಕಾರಣ ಸಂಖ್ಯೆ. ಒಂದು ಲೆಕ್ಕ ಹಾಕಿ ನೋಡೋಣ. ನೂರು ಕುರಿಯ ಮಂದೆ. ಕುರಿಗೆ 500 ಹುಳ ಅಂತಿಟ್ಟುಕೊಳ್ಳಿ. ಇದು ಜಾಸ್ತಿಯೇನಲ್ಲ, ಇಷ್ಟು ಹುಳ ಇಟ್ಟುಕೊಂಡು ಕುರಿ ಆರಾಮಾಗಿ ಮೇಯ್ದುಕೊಂಡಿರಬಹುದು. ಮಂದೆಯಲ್ಲಿ ಒಟ್ಟು 50,000 ಹುಳ. ಅರ್ಧ ಹೆಣ್ಣು ಅಂದರೆ 25,000. ತಲಾ 5,000 ಮೊಟ್ಟೆ. ದಿನಕ್ಕೆ ಹನ್ನೆರಡೂವರೆ ಕೋಟಿ ಮೊಟ್ಟೆ! ಪ್ರತಿ ಮೊಟ್ಟೆಗೂ ಡಿಎನ್‌ಎ ನಕಲಾಗಬೇಕು. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಈ ಹುಳದ ದೂರದ ನೆಂಟ, ಪ್ರಯೋಗಾಲಯಗಳಲ್ಲಿ ಸಾಕುವ ಒಂದು ಪುಟ್ಟ ದುಂಡುಹುಳದಲ್ಲಿ ಆ ತಪ್ಪಿನ ವೇಗವನ್ನು ಅಳೆದಿದ್ದಾರೆ. ಅದೇ ವೇಗ ಇಲ್ಲಿಗೂ ಹಾಕಿದರೆ, ನೀವು ಬೊಟ್ಟು ಮಾಡಿ ತೋರಿಸಿದ ಯಾವುದೇ ಒಂದು ಅಕ್ಷರ, ನೀವು ಹೇಳಿದ ರೀತಿಯಲ್ಲೇ ಬದಲಾಗಿರುವ ಮೊಟ್ಟೆ ಈ ಒಂದು ಮಂದೆಯಲ್ಲೇ ಕೆಲವೇ ದಿನಕ್ಕೊಮ್ಮೆ ಬೀಳುತ್ತಿರುತ್ತದೆ. ಮೊಟ್ಟೆಗಳಲ್ಲಿ ಹೆಚ್ಚಿನವು ಒಣಗಿ ಸಾಯುತ್ತವೆ, ಆ ಮಾತು ಬೇರೆ. ಆದರೆ ತಾಲ್ಲೂಕಿನ ಎಲ್ಲ ಮಂದೆ ಸೇರಿಸಿ, ವರ್ಷಗಟ್ಟಲೆ ಲೆಕ್ಕ ಹಾಕಿ ನೋಡಿ. ಇದರ ಮೇಲೆ, ಒಂದು ಹೆಣ್ಣು ಹಲವು ಗಂಡುಗಳ ಜೊತೆ ಕೂಡುತ್ತದೆ ಎನ್ನುವುದು 2008ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಗಿದೆ. ಒಂದೇ ತಾಯಿಯ ಮೊಟ್ಟೆಗಳಲ್ಲೂ ಬೇರೆ ಬೇರೆ ಅಪ್ಪಂದಿರ ಅಂಶ ಇರುತ್ತದೆ.

ನಮ್ಮ ಕಡೆ ರಾಗಿ ಹೊಲಕ್ಕೆ ಅಕ್ಕಡಿ ಸಾಲು ಹಾಕುವುದು ಯಾಕೆ? ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಎಲ್ಲ ಬಿತ್ತಿದರೆ ಮಳೆ ಹೇಗೆ ಕೈಕೊಟ್ಟರೂ ಒಂದಲ್ಲ ಒಂದು ಕೈ ಹಿಡಿಯುತ್ತದೆ. ಹುಳದ ವೈವಿಧ್ಯವೂ ಹುಳಕ್ಕೆ ಅಂಥದ್ದೇ ಭದ್ರತೆ. ವ್ಯತ್ಯಾಸ ಇಷ್ಟೇ, ಅದನ್ನು ಯಾರೂ ಯೋಚಿಸಿ ಬಿತ್ತಿಲ್ಲ.

ಔಷಧಿಯ ಕಡೆಯಿಂದ ನೋಡೋಣ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಇವೆಲ್ಲ ಒಂದೇ ಗುಂಪಿನವು. ಹುಳದ ಜೀವಕೋಶದ ಒಳಗೆ ಟ್ಯೂಬುಲಿನ್ ಅನ್ನುವ ಪ್ರೋಟೀನ್‌ನಿಂದ ಕಟ್ಟಿದ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಕೋಶದ ಆಕಾರ, ಒಳಗಿನ ಸಾಗಾಟ ಎಲ್ಲ ಅವುಗಳ ಮೇಲೆಯೇ ನಡೆಯುತ್ತದೆ. ಔಷಧಿ ಹೋಗಿ ಆ ಟ್ಯೂಬುಲಿನ್‌ಗೆ ಅಂಟಿಕೊಳ್ಳುತ್ತದೆ. ಕೊಳವೆ ಕಟ್ಟುವುದು ನಿಂತು ಹುಳ ಸಾಯುತ್ತದೆ. ಈಗ ಆ ಟ್ಯೂಬುಲಿನ್ ಹೇಗಿರಬೇಕು ಅಂತ ಬರೆದಿರುವ ಡಿಎನ್‌ಎ ಭಾಗದಲ್ಲಿ, ಅಂದರೆ ಅದರ ಜೀನ್‌ನಲ್ಲಿ, ಒಂದೇ ಒಂದು ಅಕ್ಷರ ಬದಲಾಯಿತು ಅನ್ನಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಅನ್ನುವ ಮಣಿಗಳ ಸರ. ಅದರ 200ನೇ ಸ್ಥಾನದಲ್ಲಿ ಫಿನೈಲ್‌ಅಲನಿನ್ ಅನ್ನುವ ಮಣಿ ಇರಬೇಕಾದ ಜಾಗಕ್ಕೆ ಟೈರೋಸಿನ್ ಅನ್ನುವ ಮಣಿ ಬಂದು ಕೂರುತ್ತದೆ. ಕೊಳವೆ ಕಟ್ಟುವುದಕ್ಕೆ ತೊಂದರೆ ಇಲ್ಲ, ಆದರೆ ಔಷಧಿಗೆ ಹಿಡಿತ ಸಿಗಲ್ಲ. 167 ಮತ್ತು 198ನೇ ಸ್ಥಾನಗಳಲ್ಲಿ ಆಗುವ ಬದಲಾವಣೆಗಳಿಂದಲೂ ಇದೇ ಫಲ. 28 ಕೋಟಿ ಅಕ್ಷರದಲ್ಲಿ ಒಂದು ಬದಲಾದರೆ ಸಾಕು, ಬಾಟಲಿಯಲ್ಲಿರುವುದು ಬಣ್ಣದ ನೀರಾಗುತ್ತದೆ.

ಈ ಗುಂಪಿನ ಮೊದಲ ಔಷಧಿ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಅದಕ್ಕೆ ಬಗ್ಗದ ಹೀಮಾಂಕಸ್ ಅಮೆರಿಕದಲ್ಲಿ ವರದಿಯಾದದ್ದು 1964ರಲ್ಲಿ. ಬರೀ ಮೂರು ವರ್ಷ. ಔಷಧಿ ಹುಳವನ್ನು ಬದಲಾಯಿಸಿತು ಅಂತ ಜನ ಹೇಳುವುದುಂಟು, ಅದು ಸರಿಯಲ್ಲ. ಬದಲಾದ ಹುಳ ಆ ವೈವಿಧ್ಯದ ರಾಶಿಯಲ್ಲಿ ಯಾವಾಗಲೂ ಒಂದಿಷ್ಟು ಇದ್ದೇ ಇರುತ್ತದೆ. ಔಷಧಿ ಮಾಡಿದ್ದು ಉಳಿದವನ್ನು ಸಾಯಿಸಿ ಅದಕ್ಕೆ ಜಾಗ ಮಾಡಿಕೊಟ್ಟಿದ್ದು.

ಹಾಗಾದರೆ ಮೊದಲ ವರ್ಷವೇ ಔಷಧಿ ಸೋಲಬೇಕಿತ್ತಲ್ವಾ? ಇಲ್ಲೊಂದು ಸ್ವಾರಸ್ಯ ಇದೆ. ಹುಳಕ್ಕೂ ನಮ್ಮ ಹಾಗೆ ಪ್ರತಿ ಜೀನ್‌ಗೆ ಎರಡು ಪ್ರತಿ, ಅಪ್ಪನದೊಂದು ಅಮ್ಮನದೊಂದು. ಅಲ್ಬೆಂಡಜೋಲ್ ಗುಂಪಿನ ವಿಷಯದಲ್ಲಿ, ಎರಡೂ ಪ್ರತಿ ಬದಲಾಗಿದ್ದರೆ ಮಾತ್ರ ಹುಳ ಪೂರ್ತಿ ಬಚಾವ್. ಒಂದೇ ಬದಲಾಗಿದ್ದರೆ ಸರಿಯಾದ ಅಳತೆಯ ಔಷಧಿಗೆ ಅದು ಬಹುಮಟ್ಟಿಗೆ ಸಾಯುತ್ತದೆ. ನಮ್ಮ 50,000 ಹುಳದ ಮಂದೆಗೆ ವಾಪಸ್ ಬನ್ನಿ. ನೂರು ಪ್ರತಿಯಲ್ಲಿ ಒಂದು ಬದಲಾದದ್ದು ಅಂತಿಟ್ಟುಕೊಳ್ಳಿ. ಎರಡೂ ಪ್ರತಿ ಬದಲಾದ ಹುಳ ಹತ್ತು ಸಾವಿರಕ್ಕೆ ಒಂದು, ಅಂದರೆ ಇಡೀ ಮಂದೆಯಲ್ಲಿ ಐದು. ಐದೂ ಐದು ಬೇರೆ ಕುರಿಗಳಲ್ಲಿ ಇದ್ದರೆ ಅವಕ್ಕೆ ಜೋಡಿಯೇ ಸಿಗಲ್ಲ. ಔಷಧಿ ಭರ್ಜರಿಯಾಗಿ ಕೆಲಸ ಮಾಡಿತು ಅಂತ ಅನಿಸುತ್ತದೆ. ಕೆಲವು ವರ್ಷ ಬಿಟ್ಟು, ಹತ್ತು ಪ್ರತಿಯಲ್ಲಿ ಒಂದು ಬದಲಾದದ್ದು ಆಗಿದೆ ಅನ್ನಿ. ಈಗ ನೂರಕ್ಕೊಂದು ಹುಳ ಬಚಾವ್. ಮಂದೆಗೆ 500, ಕುರಿಗೆ ಐದು. ಜೋಡಿ ಸಿಗುತ್ತದೆ, ಮೊಟ್ಟೆ ಬೀಳುತ್ತದೆ. ಆದರೂ ನೂರರಲ್ಲಿ 99 ಹುಳ ಸತ್ತಿವೆ, ಕುರಿ ಚೆನ್ನಾಗಿದೆ. ಯಾರಿಗೂ ಅನುಮಾನ ಬರಲ್ಲ. ಹತ್ತು ಪ್ರತಿಯಲ್ಲಿ ಐದು ಬದಲಾದ ಮೇಲೆ ಮಾತ್ರ ನಾಲ್ಕಕ್ಕೊಂದು ಹುಳ ಉಳಿಯುತ್ತದೆ, ಕುರಿ ಸಾಯಲು ಶುರುವಾಗುತ್ತದೆ. "ಹೋದ ವರ್ಷದವರೆಗೂ ಚೆನ್ನಾಗಿತ್ತು, ಈ ವರ್ಷ ಕೆಟ್ಟಿತು" ಅನ್ನುವ ದೂರು ಇಲ್ಲಿಂದ ಬರುವುದು. ಕೆಡುತ್ತಾ ಬಂದದ್ದು ಮಾತ್ರ ಬಹಳ ವರ್ಷಗಳಿಂದ.

ಜೀನ್‌ನ ಇಂಥ ಬದಲಾದ ಪ್ರತಿ ಒಂದೊಂದು ಊರಿನಲ್ಲೂ ಹೊಸದಾಗಿ ಹುಟ್ಟುತ್ತದಾ, ಅಥವಾ ಒಂದು ಕಡೆ ಹುಟ್ಟಿ ಊರೂರು ಸುತ್ತುತ್ತದಾ? ನನ್ನನ್ನು ಕೇಳಿದರೆ ಈ ಇಡೀ ವಿಷಯದಲ್ಲಿ ಅತಿ ಚೆಂದದ ಪ್ರಶ್ನೆ ಇದು. ಇದಕ್ಕೆ ದಕ್ಷಿಣ ಭಾರತದ ಹುಳಗಳಿಂದಲೇ ಉತ್ತರ ಸಿಕ್ಕಿದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಕ್ಷಿಣ ಭಾರತದ ಕುರಿ, ಮೇಕೆಗಳಿಂದ 23 ಕಡೆಯ ಹೀಮಾಂಕಸ್ ಹುಳಗಳನ್ನು ತೆಗೆದು ಟ್ಯೂಬುಲಿನ್ ಜೀನ್ ಓದಿದರು. ಅವರು ನೋಡಿದ್ದು ಬದಲಾದ ಅಕ್ಷರವನ್ನು ಮಾತ್ರ ಅಲ್ಲ, ಅದರ ಆಚೀಚೆ ಇರುವ ಅಕ್ಷರಗಳನ್ನೂ ನೋಡಿದರು. ಯಾಕೆಂದರೆ ಒಂದು ಅಕ್ಷರ ಬದಲಾದಾಗ, ಅದರ ಅಕ್ಕಪಕ್ಕದ ಅಕ್ಷರಗಳು ಆ ಮೊದಲ ಹುಳದಲ್ಲಿ ಹೇಗಿದ್ದವೋ ಹಾಗೆಯೇ ಅದರ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತವೆ. ಮೊದಲೇ ಹೇಳಿದ ಹಾಗೆ ಈ ಹುಳಗಳಲ್ಲಿ ವೈವಿಧ್ಯ ವಿಪರೀತ, ಆದ್ದರಿಂದ ಬೇರೆ ಬೇರೆ ಹುಳದಲ್ಲಿ ಅಕ್ಕಪಕ್ಕದ ಅಕ್ಷರಗಳೂ ಬೇರೆ ಬೇರೆ. ಎರಡು ಊರಿನ ಹುಳದಲ್ಲಿ ಬದಲಾದ ಅಕ್ಷರದ ಜೊತೆ ಅಕ್ಕಪಕ್ಕವೂ ಒಂದೇ ಇದ್ದರೆ, ಎರಡಕ್ಕೂ ಮೂಲ ಒಂದೇ. ಅಕ್ಕಪಕ್ಕ ಬೇರೆ ಇದ್ದರೆ, ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದು.

ಸಿಕ್ಕ ಉತ್ತರ ಎರಡೂ ಹೌದು! 200ನೇ ಸ್ಥಾನದ ಬದಲಾವಣೆ ಎಲ್ಲಕ್ಕಿಂತ ಸಾಮಾನ್ಯ, ಮತ್ತು ಅದು ಕನಿಷ್ಠ ಮೂರು ಸಲ ಬೇರೆ ಬೇರೆಯಾಗಿ ಹುಟ್ಟಿದೆ. 198ನೇ ಸ್ಥಾನದ್ದು ಅಷ್ಟು ಸಾಮಾನ್ಯ ಅಲ್ಲ, ಆದರೆ ಸಿಕ್ಕಿದ ಕಡೆಯಲ್ಲೆಲ್ಲ ಅಕ್ಕಪಕ್ಕ ಒಂದೇ. ಅಂದರೆ ಎಲ್ಲೋ ಒಂದು ಕಡೆ ಹುಟ್ಟಿ ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿದೆ. ಹುಳಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಮರಿಹುಳ ಹುಲ್ಲಿನ ಮೇಲೆ ತೆವಳುವುದು ಗೇಣು ಮೊಳದ ಲೆಕ್ಕದಲ್ಲಿ. ಹರಡಿದ್ದು ಕುರಿಯ ಹೊಟ್ಟೆಯಲ್ಲಿ, ಕುರಿ ಹೋದದ್ದು ಟೆಂಪೋದಲ್ಲಿ. ಬೇರೆ ಬೇರೆ ಊರಿನ ಹುಳಗಳ ನಡುವೆ ಒಟ್ಟಾರೆ ವ್ಯತ್ಯಾಸ ತೀರಾ ಕಡಿಮೆ ಎನ್ನುವುದೂ ಅದೇ ಅಧ್ಯಯನದಲ್ಲಿ ಕಂಡಿತು. ಕುರಿಯ ಹುಳ, ಮೇಕೆಯ ಹುಳ ಅಂತ ಬೇರೆ ಬೇರೆಯೂ ಇರಲಿಲ್ಲ.

ಮೊದಲ ಸಲ ಕೇಳಿದಾಗ ಇದು ತಲೆಕೆಳಗಾಗಿ ಕಾಣುತ್ತದೆ. ಒಂದು ಕುರಿಯೊಳಗೆ ಅಪಾರ ವೈವಿಧ್ಯ, ಊರು ಊರಿನ ನಡುವೆ ಮಾತ್ರ ವ್ಯತ್ಯಾಸ ಇಲ್ಲ ಅಂದರೆ? ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆಯನ್ನು ನೆನೆಸಿಕೊಂಡರೆ ಗೊಂದಲ ಕರಗುತ್ತದೆ. ಸುತ್ತಲಿನ ಹಳ್ಳಿಗಳ ಕುರಿ ಒಂದು ಕಡೆ ಸೇರಿ, ಸಂಜೆಗೆ ಬೇರೆ ಬೇರೆ ಹಳ್ಳಿಗೆ ಹೋಗುತ್ತವೆ. ಪಾವಗಡ, ಬಾಗೇಪಲ್ಲಿ ಕಡೆ ಗಡಿ ದಾಟಿ ಆಂಧ್ರದ ಕುರಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಮಂದೆಗಳೇ ಮೇವು ಹುಡುಕಿಕೊಂಡು ನಡೆದು ಹೋಗುತ್ತವೆ. ತಳಿ ಟಗರು ಬೇಕು ಅಂತ ಬಂಡೂರಿಗೆ ಮಂಡ್ಯದ ಕಡೆ, ಕೆಂಗುರಿಗೆ ರಾಯಚೂರು, ಕೊಪ್ಪಳದ ಕಡೆ ಹೋಗುವವರಿದ್ದಾರೆ. ಒಂದೊಂದು ಕುರಿಯ ಹೊಟ್ಟೆಯಲ್ಲೂ ನೂರಾರು ಹುಳ, ಎಲ್ಲ ಊರಿನದೂ ಕಲೆತು ಹೋಗಿದೆ. ಹಾಗಾಗಿ ಶಿರಾದ ಹುಳ, ಮುಳಬಾಗಿಲಿನ ಹುಳ ಅಂತ ಬೇರೆ ಬೇರೆ ಗುರುತು ಉಳಿಯುವುದಾದರೂ ಹೇಗೆ?

ಅಮೆರಿಕದಲ್ಲಿ 1995ರಲ್ಲಿ ಇದನ್ನೇ ಇನ್ನೊಂದು ರೀತಿ ತೋರಿಸಿದ್ದರು. ಸಾಕುಪ್ರಾಣಿಗಳ ಹುಳಗಳಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸ ಬಹಳ ಕಡಿಮೆ. ಕಾಡು ಜಿಂಕೆಯ ಹುಳದಲ್ಲಿ ಮಾತ್ರ ದೂರ ಹೋದಷ್ಟೂ ವ್ಯತ್ಯಾಸ ಜಾಸ್ತಿ. ಜಿಂಕೆಯನ್ನು ಯಾರೂ ಲಾರಿಗೆ ಹತ್ತಿಸಲ್ಲವಲ್ಲ. 2019ರಲ್ಲಿ ಐದು ಖಂಡಗಳ 200ಕ್ಕೂ ಹೆಚ್ಚು ಹೀಮಾಂಕಸ್ ಹುಳಗಳ ಪೂರ್ತಿ ಡಿಎನ್‌ಎ ಓದಿದಾಗ, ಇದರ ಮೂಲ ಆಫ್ರಿಕಾ ಮತ್ತು ಇದು ಪ್ರಪಂಚ ಸುತ್ತಿದ್ದು ಮನುಷ್ಯರು ಸಾಗಿಸಿದ ಪ್ರಾಣಿಗಳ ಜೊತೆ ಎನ್ನುವ ಚಿತ್ರ ಸಿಕ್ಕಿತು.

ಇದನ್ನೆಲ್ಲ ತಿಳಿದು ರೊಪ್ಪದಲ್ಲಿ ಮಾಡುವುದೇನು? ಮೊದಲನೆಯದು ಕೇಳುವುದಕ್ಕೇ ವಿಚಿತ್ರ: ಎಲ್ಲ ಹುಳ ಸಾಯಿಸಲು ಹೋಗಬೇಡಿ. ಔಷಧಿ ಕಾಣದ, ಹಳೇ ಥರದ ಹುಳಗಳು ಒಂದಿಷ್ಟು ಉಳಿದಿರಬೇಕು. ಔಷಧಿಯಿಂದ ತಪ್ಪಿಸಿಕೊಂಡ ಹುಳ ಅಂಥವುಗಳ ಜೊತೆ ಕೂಡಿದರೆ ಮಕ್ಕಳಿಗೆ ಬದಲಾದ ಪ್ರತಿ ಒಂದೇ ಸಿಗುತ್ತದೆ, ಅವು ಮುಂದಿನ ಔಷಧಿಗೆ ಸಾಯುತ್ತವೆ. ಹಳೇ ಹುಳ ಒಂದೂ ಇಲ್ಲದಿದ್ದರೆ ತಪ್ಪಿಸಿಕೊಂಡವು ತಮ್ಮತಮ್ಮಲ್ಲೇ ಕೂಡುತ್ತವೆ, ಹುಟ್ಟುವುದೆಲ್ಲ ಔಷಧಿಗೆ ಬಗ್ಗದ್ದೇ.

ಈ ಲೆಕ್ಕಕ್ಕೆ ಕಾಲ ಬಹಳ ಮುಖ್ಯ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಮರಿಹುಳ ಲಕ್ಷಗಟ್ಟಲೆ ಇರುತ್ತವೆ. ಔಷಧಿ ಕುಡಿಸಿದರೂ ಹೊರಗೆ ಹಳೇ ಹುಳದ ದಾಸ್ತಾನು ಇದ್ದೇ ಇರುತ್ತದೆ. ಏಪ್ರಿಲ್‌ನ ಪಾವಗಡವನ್ನು ನೆನೆಸಿಕೊಳ್ಳಿ. ಹುಲ್ಲೆಲ್ಲ ಒಣಗಿ, ನೆಲ ಕಾದು, ಹೊರಗಿನ ಮರಿಹುಳ ಬಹುತೇಕ ಸತ್ತಿರುತ್ತದೆ. ಉಳಿದಿರುವ ಹುಳವೆಲ್ಲ ಕುರಿಯ ಹೊಟ್ಟೆಯೊಳಗೆ. ಕೆಲವಂತೂ ಹೊಟ್ಟೆಯ ಗೋಡೆಯಲ್ಲಿ ಬೆಳೆಯುವುದನ್ನು ನಿಲ್ಲಿಸಿ ಮಳೆಗೆ ಕಾಯುತ್ತಾ ಕೂತಿರುತ್ತವೆ. ಆಗ ಇಡೀ ಮಂದೆಗೆ ಔಷಧಿ ಹಾಕಿದರೆ, ಮುಂಗಾರಿಗೆ ಹುಲ್ಲಿಗೆ ಬೀಳುವ ಮೊದಲ ಮೊಟ್ಟೆಗಳೆಲ್ಲ ಬಚಾವಾದ ಹುಳದವೇ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬೇಸಿಗೆಯಲ್ಲಿ ಎಲ್ಲ ಕುರಿಗೂ ಔಷಧಿ ಕುಡಿಸುವ ಪದ್ಧತಿ ಜೋರಾಗಿ ನಡೆಯಿತು, ಅಲ್ಲಿ ಔಷಧಿಗೆ ಬಗ್ಗದ ಹುಳಗಳ ಕಾಟವೂ ಅಷ್ಟೇ ಜೋರಾಯಿತು. ನಮ್ಮಲ್ಲೂ "ಮಳೆಗೆ ಮುಂಚೆ ಎಲ್ಲಕ್ಕೂ ಒಂದು ಸಲ ಹಾಕಿಬಿಡೋಣ" ಅನ್ನುವುದು ಅಭ್ಯಾಸ. ಸುಮ್ನೆ ಅಭ್ಯಾಸಕ್ಕೆ ಹಾಕುವುದನ್ನು ಬಿಟ್ಟು, ಯಾವ ಕುರಿಗೆ ಬೇಕು ಅಂತ ನೋಡುವುದು ವಾಸಿ.

ನೋಡುವುದು ಕಷ್ಟವೇನಲ್ಲ. ಒಂದು ಮಂದೆಯಲ್ಲಿ ಹುಳದ ಹೊರೆ ಎಲ್ಲ ಕುರಿಗೂ ಸಮವಾಗಿ ಇರಲ್ಲ, ಕೆಲವೇ ಕುರಿಗಳಲ್ಲಿ ಬಹುಪಾಲು ಹುಳ ಇರುತ್ತದೆ. ಅವನ್ನು ಹಿಡಿಯಲು ದಕ್ಷಿಣ ಆಫ್ರಿಕಾದವರು ಫಮಾಚಾ ಅನ್ನುವ ಬಣ್ಣದ ಚೀಟಿ ಮಾಡಿದರು. ಕುರಿಯ ಕೆಳ ರೆಪ್ಪೆ ಬಿಡಿಸಿ ಒಳಗಿನ ಬಣ್ಣವನ್ನು ಚೀಟಿಯ ಐದು ಬಣ್ಣಗಳ ಜೊತೆ ಹೋಲಿಸುವುದು. 1 ಅಂದರೆ ಒಳ್ಳೆ ಕೆಂಪು, 5 ಅಂದರೆ ಬಿಳಿ. 4, 5 ಬಂದರೆ ಔಷಧಿ ಕಡ್ಡಾಯ. 1, 2ಕ್ಕೆ ಬೇಡ. 3 ಬಂದರೆ ಕುರಿ ಬಸುರಿಯಾ, ಮರಿಯಾ, ಮೈ ಹೇಗಿದೆ ಅಂತ ನೋಡಿ ನಿರ್ಧಾರ. ಚೀಟಿ ರಕ್ತ ಹೀರುವ ಹುಳಕ್ಕೆ ಮಾತ್ರ, ಬೇರೆ ಹುಳಕ್ಕೆ ಇದು ಲೆಕ್ಕಕ್ಕಿಲ್ಲ. ರಕ್ತ ಕಡಿಮೆಯಾಗಲು ಬೇರೆ ಕಾರಣಗಳೂ ಇರುತ್ತವೆ, ಹಾಗಾಗಿ ಡಾಕ್ಟರಿಂದ ಒಂದು ಸಲ ಕಲಿತುಕೊಳ್ಳುವುದು ಒಳ್ಳೆಯದು. ವರ್ಷವಿಡೀ ಔಷಧಿ ಬೇಡದೇ ಕೆಂಪಗೆ ಇರುವ ಕುರಿಯ ಮರಿಯನ್ನೇ ಟಗರಿಗೆ ಬಿಟ್ಟುಕೊಂಡರೆ ಮಂದೆಗೇ ತಾಳುವ ಶಕ್ತಿ ಬರುತ್ತಾ ಹೋಗುತ್ತದೆ.

ಮೇಕೆಯ ವಿಷಯ ಒಂದು ಮಾತು. ಮೇಕೆಯ ಮೈ ಈ ಔಷಧಿಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಅಳತೆಯನ್ನೇ ಮೇಕೆಗೂ ಕುಡಿಸಿದರೆ ಅದು ಅರೆಬರೆ ಆಗುತ್ತದೆ. ಅರೆಬರೆ ಅಳತೆಗೆ ಒಂದೇ ಪ್ರತಿ ಬದಲಾದ ಹುಳವೂ ಬದುಕಿಬಿಡುತ್ತದೆ. ಕುರಿ ಮೇಕೆ ಒಟ್ಟಿಗೆ ಮೇಯುವ ನಮ್ಮ ಮಂದೆಗಳಲ್ಲಿ ಮೇಕೆಯಲ್ಲಿ ಬಚಾವಾದ ಹುಳ ಕುರಿಗೂ ಬರುತ್ತದೆ. ಮೇಕೆಗೆ ಎಷ್ಟು ಅಂತ ಪಶುವೈದ್ಯರನ್ನು ಬೇರೆಯಾಗಿಯೇ ಕೇಳಬೇಕು. ತೂಕದ ಅಂದಾಜೂ ಹಾಗೇ, ಮಂದೆಯ ಸರಾಸರಿಗೆ ಅಳೆದರೆ ದಪ್ಪ ಕುರಿಗೆಲ್ಲ ಕಡಿಮೆಯಾಗುತ್ತದೆ.

ಇನ್ನು ಔಷಧಿ ಬದಲಾಯಿಸುವುದು. ಅಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಬಾಟಲಿಯ ಬಣ್ಣ ಬದಲಾಯಿತು ಅಷ್ಟೇ. ಎರಡೂ ಅಂಟುವುದು ಅದೇ ಟ್ಯೂಬುಲಿನ್‌ಗೆ. ಲೆವಮಿಸೋಲ್, ಐವರ್‌ಮೆಕ್ಟಿನ್, ಕ್ಲೋಸಂಟೆಲ್ ಬೇರೆ ಬೇರೆ ಗುಂಪಿನವು, ಹುಳವನ್ನು ಹಿಡಿಯುವ ದಾರಿಯೂ ಬೇರೆ. ಅವಕ್ಕೂ ಬಗ್ಗದ ಹುಳಗಳು ಪ್ರಪಂಚದಲ್ಲಿ ಇವೆ. ನಿಮ್ಮ ಮಂದೆಯಲ್ಲಿ ಯಾವುದು ನಡೆಯುತ್ತದೆ ಅಂತ ತಿಳಿಯಲು ಹಿಕ್ಕೆ ಪರೀಕ್ಷೆಯೇ ದಾರಿ. ಔಷಧಿ ಹಾಕುವ ದಿನ ಹತ್ತು ಹದಿನೈದು ಕುರಿಯ ತಾಜಾ ಹಿಕ್ಕೆ, ಮತ್ತೆ ಎರಡು ವಾರ ಬಿಟ್ಟು ಅದೇ ಕುರಿಗಳ ಹಿಕ್ಕೆ. ಎರಡರಲ್ಲೂ ಮೊಟ್ಟೆ ಎಣಿಸುತ್ತಾರೆ. ಮೊಟ್ಟೆಯ ಎಣಿಕೆ ಕನಿಷ್ಠ ಶೇಕಡಾ 95ರಷ್ಟು ಇಳಿಯದೇ ಇದ್ದರೆ ಆ ಔಷಧಿಗೆ ಹುಳ ಬಗ್ಗುತ್ತಿಲ್ಲ ಅಂತ ಅನುಮಾನ ಪಡಬೇಕು. ಹಿಕ್ಕೆಯನ್ನು ನೆಲದಿಂದ ಆರಿಸದೇ ಕುರಿಯಿಂದಲೇ ತೆಗೆಯಬೇಕು, ಬಿಸಿಲಲ್ಲಿ ಇಡದೇ ತಣ್ಣಗೆ ಒಯ್ಯಬೇಕು. ಇಲ್ಲದಿದ್ದರೆ ದಾರಿಯಲ್ಲೇ ಮೊಟ್ಟೆ ಒಡೆದು ಎಣಿಕೆ ತಪ್ಪುತ್ತದೆ.

ಸಂತೆಯಿಂದ ತಂದ ಕುರಿಯನ್ನು ಮಾತ್ರ ಅವತ್ತೇ ಮಂದೆಗೆ ಬಿಡಬೇಡಿ. ಅದರ ಹೊಟ್ಟೆಯಲ್ಲಿ ಯಾವ ಊರಿನ ಹುಳ, ಯಾವ ಯಾವ ಔಷಧಿ ಕಂಡ ಹುಳ ಅಂತ ಮಾರಿದವನಿಗೂ ಗೊತ್ತಿರಲ್ಲ. ಬೇರೆ ಕಟ್ಟಿ, ಪಶುವೈದ್ಯರು ಹೇಳಿದ ಹಾಗೆ ಎರಡು ಬೇರೆ ಗುಂಪಿನ ಔಷಧಿ ಹಾಕಿಸಿ. ಮೂರು ದಿನ ಒಣ ಜಾಗದಲ್ಲಿ ಕೈಮೇವು ಕೊಟ್ಟು ಇಟ್ಟುಕೊಳ್ಳಿ, ಮೊದಲೇ ಹೊಟ್ಟೆಯಲ್ಲಿದ್ದ ಮೊಟ್ಟೆಗಳು ಅಲ್ಲೇ ಬಿದ್ದು ಹೋಗಲಿ. ಎರಡು ವಾರಕ್ಕೆ ಹಿಕ್ಕೆ ಪರೀಕ್ಷೆ ಮಾಡಿಸಿ. ಆಮೇಲೆ ಬಿಡುವಾಗ ಹೊಸ, ಶುಭ್ರವಾದ ಬೀಳಿಗೆ ಬಿಡಬೇಡಿ, ನಿಮ್ಮ ಕುರಿಗಳು ಮೇಯುತ್ತಿರುವ ಗೋಮಾಳಕ್ಕೇ ಬಿಡಿ. ಅಪ್ಪಿತಪ್ಪಿ ಒಂದೆರಡು ಹುಳ ಉಳಿದಿದ್ದರೂ ಅಲ್ಲಿನ ಸಾವಿರಾರು ಹುಳದ ನಡುವೆ ಅವು ತೆಳುವಾಗುತ್ತವೆ. ಆ ಮೂರು ದಿನದ ಹಿಕ್ಕೆಯನ್ನು ಗುಡಿಸಿ ತಿಪ್ಪೆಗೆ ಹಾಕಿ ಚೆನ್ನಾಗಿ ಕೊಳೆಸಿ. ತಿಪ್ಪೆಯ ಕಾವಿಗೆ ಮೊಟ್ಟೆ, ಮರಿಹುಳ ಎರಡೂ ಸಾಯುತ್ತವೆ. ಕೊಳೆತ ಗೊಬ್ಬರವನ್ನು ಹಿಪ್ಪುನೇರಳೆ ತೋಟಕ್ಕೋ ಅಡಿಕೆ ತೋಟಕ್ಕೋ ಕೊಡಿ, ಮೇವಿನ ಹುಲ್ಲಿಗೆ ಬೇಡ.